ಮೂರನೇ ದಿನದ ನೋವು

ಶ್ರೀನಿವಾಸಪುರ

ಪುಟ್ಟಿ,

ಇಲ್ಲಿ ನಾವೆಲ್ಲ ಕ್ಷೇಮ. ಮಾವಿನ ಸುಗ್ಗಿ ಮುಗಿಯುತ್ತಾ ಬಂತು, ತೋಟದಲ್ಲಿ ನೀಲಂ ಮಾತ್ರ ಉಳಿದಿದೆ. ನಿನ್ನ ಕ್ಷೇಮ ಎಷ್ಟರಮಟ್ಟಿಗಿದೆ ಅನ್ನುವುದನ್ನು ನಿನ್ನಮ್ಮ ನಿನ್ನೆ ಫೋನಿನಲ್ಲಿ ಹೇಳಿದಳು. ಹಾಸ್ಟೆಲಿನ ಮೆಟ್ಟಿಲನ್ನು ಕಂಬಿ ಹಿಡಿದುಕೊಂಡು ಅಡ್ಡಡ್ಡ ಇಳಿಯುತ್ತೀಯಂತೆ. ಕಕ್ಕಸಿನಲ್ಲಿ ಕೂತರೆ ಏಳುವುದಕ್ಕೆ ಗೋಡೆ ಬೇಕಂತೆ. ಕ್ಲಾಸಿನಲ್ಲಿ ಬೆಂಚಿನಿಂದ ಏಳುವಾಗ ‘ಅಯ್ಯಮ್ಮಾ’ ಅಂದದ್ದಕ್ಕೆ ಪಾಠ ನಿಂತು, ಎಲ್ಲರೂ ನಿನ್ನ ಕಡೆ ತಿರುಗಿದರಂತೆ. ಇದನ್ನೆಲ್ಲ ಕೇಳಿ ನಿನ್ನ ಅಜ್ಜಿ ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ ನನ್ನನ್ನೇ ಬೈದಳು. ನಿನ್ನ ತಲೆಗೆ ಪೊಲೀಸ್ ಕೆಲಸದ ಆಸೆ ಹತ್ತಿಸಿದವನು ನಾನೇ ಅನ್ನುವುದು ಅವಳ ವಾದ.

ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಸರಿ ತಾತ, ಸರಿ ತಾತ’ ಅನ್ನುತ್ತೀಯೇ ಹೊರತು ಒಂದನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕಾಗದವಾದರೆ ಕಾಲು ಚಾಚಿಕೊಂಡು ಓದಬಹುದು. ಸದ್ಯಕ್ಕೆ ನಿನ್ನ ಕೈಲಿ ಬೇರೆ ಕೆಲಸವೂ ಆಗುವ ಹಾಗಿಲ್ಲ.

ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ಈ ನೋವು ರೋಗವಲ್ಲ ಕಣಮ್ಮ. ‘ಓಟ ನನ್ನ ಮೈಗೆ ಒಗ್ಗುವುದಿಲ್ಲ, ಅರ್ಜಿನೇ ಹಾಕಲ್ಲ’ ಅಂತ ಅಮ್ಮನ ಹತ್ತಿರ ಅತ್ತೆಯಂತಲ್ಲ, ಅದಕ್ಕೆ ಇದು ಆಧಾರವೂ ಅಲ್ಲ. ನೋವು ಇನ್ನೆರಡು ಮೂರು ದಿನಕ್ಕೆ ತಾನಾಗಿ ಇಳಿಯುತ್ತದೆ. ಇಳಿದ ಮೇಲೆ ನೀನು ಎಷ್ಟು ಓಡುತ್ತೀ, ಹೇಗೆ ಓಡುತ್ತೀ ಅನ್ನುವುದೇ ನನಗಿರುವ ಚಿಂತೆ.

ನಾನು ಡ್ರಿಲ್ ಮೇಷ್ಟ್ರಾಗಿದ್ದ ಕಾಲದಲ್ಲಿ ಪ್ರತಿ ಜೂನಿನಲ್ಲೂ ಇದೇ ನಾಟಕ. ಬೇಸಿಗೆ ರಜೆ ಮುಗಿಸಿ ಮಕ್ಕಳು ಬರುತ್ತಿದ್ದರು, ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರದಲ್ಲೇ ಇರುತ್ತಿತ್ತು. ಸೋಮವಾರ ಮೈದಾನಕ್ಕೆ ಇಳಿಸಿದರೆ ಮಂಗಳವಾರ ಎಲ್ಲರೂ ಹಾಜರು, ಸ್ವಲ್ಪ ಬಿಗಿ, ಅಷ್ಟೆ. ಬುಧವಾರ ಬೆಳಗ್ಗೆ ನೋಡಬೇಕಿತ್ತು! ಪ್ರಾರ್ಥನೆಯ ಸಾಲಿನಿಂದ ಕ್ಲಾಸಿಗೆ ಹೋಗುವಾಗ ಅರ್ಧ ಶಾಲೆ ಕುಂಟುತ್ತಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ‘ಸಾರ್, ಕಾಲು’ ಅಂತ ನಿಲ್ಲುತ್ತಿದ್ದರು. ಗಮನಿಸಬೇಕಾದದ್ದು ಏನೆಂದರೆ, ಹೆಚ್ಚು ಕುಂಟುತ್ತಿದ್ದವರು ಸೋಮಾರಿಗಳಲ್ಲ, ಮೊದಲ ದಿನವೇ ಎಲ್ಲರಿಗಿಂತ ಹುಮ್ಮಸ್ಸಿನಿಂದ ಓಡಿದವರು. ನೀನು ಯಾವ ಗುಂಪಿನವಳು ಅಂತ ಬೇರೆ ಹೇಳಬೇಕಾಗಿಲ್ಲ.

ನಿನ್ನ ಕಥೆಯನ್ನೇ ತಗೋ. ಶನಿವಾರ ಕೋಲಾರದ ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ನಿಲ್ಲಿಸದೆ ಓಡಿದೆ. ಅದು ಸಾಲದು ಅಂತ ಭಾನುವಾರ ಗೆಳತಿಯರ ಜೊತೆ ಅಂತರಗಂಗೆ ಬೆಟ್ಟಕ್ಕೆ ಹೋದೆ. ಮೆಟ್ಟಿಲು ಹತ್ತಿ, ಬಸವನ ಬಾಯಿಂದ ಬೀಳುವ ನೀರಿನಲ್ಲಿ ಮುಖ ತೊಳೆದು, ಕಾಶಿ ವಿಶ್ವೇಶ್ವರನಿಗೆ ಕೈಮುಗಿದು, ಬರುವಾಗ ‘ಯಾರು ಮೊದಲು ಕೆಳಗೆ’ ಅಂತ ಪಂದ್ಯ ಕಟ್ಟಿ ದಡದಡ ಇಳಿದಿರಿ. ಹತ್ತುವಾಗ ಏದುಸಿರು ಬಂತು, ಇಳಿಯುವಾಗ ನಗುತ್ತಲೇ ಬಂದೆವು ಅಂತ ನೀನೇ ಅಮ್ಮನಿಗೆ ಹೇಳಿದ್ದೀಯ. ಹಾಗಾಗಿ ಹತ್ತಿದ್ದರಿಂದ ಕಾಲು ಹಿಡಿದುಕೊಂಡಿದೆ ಅಂತ ನಿನ್ನ ಲೆಕ್ಕ. ಲೆಕ್ಕ ತಿರುವುಮುರುವಾಗಿದೆ ತಾಯಿ. ನಿನ್ನ ತೊಡೆಗೆ ಪೆಟ್ಟು ಬಿದ್ದದ್ದು ನಗುತ್ತಾ ಇಳಿದಾಗ.

ಯಾಕೆ ಅಂತ ಕೇಳು. ಹತ್ತುವಾಗ ಸ್ನಾಯು ಕುಗ್ಗುತ್ತಾ ಮೈಯನ್ನು ಮೇಲೆತ್ತುತ್ತದೆ. ಉಸಿರು ಹೆಚ್ಚು ಬೇಕು, ಎದೆ ಹೊಡೆದುಕೊಳ್ಳುತ್ತದೆ. ಆದರೂ ಸ್ನಾಯುವಿಗೆ ಅದು ರೂಢಿಯ ಕೆಲಸ. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಮೈಭಾರವೆಲ್ಲ ಒಂದು ಮೊಣಕಾಲಿನ ಮೇಲೆ ಬೀಳುತ್ತದೆ. ಆ ಭಾರ ಕುಸಿಯದ ಹಾಗೆ ತೊಡೆಯ ಮುಂಭಾಗದ ಸ್ನಾಯು ಬಿಗಿಹಿಡಿಯಬೇಕು, ಬಿಗಿಹಿಡಿಯುತ್ತಲೇ ಉದ್ದವಾಗುತ್ತಾ ಹೋಗಬೇಕು. ಅಟ್ಟದ ಮೇಲಿಂದ ರಾಗಿ ಮೂಟೆಯನ್ನು ಧೊಪ್ಪನೆ ಬಿಡದೆ ಮೆಲ್ಲಗೆ ಇಳಿಸುವಾಗ ತೋಳಿಗೆ ಆಗುವುದೂ ಇದೇ. ಎಳೆತಕ್ಕೆ ಎದುರಾಗಿ ಜಗ್ಗುವ ಈ ಕೆಲಸ ರೂಢಿಯಿಲ್ಲದ ಸ್ನಾಯುವಿನ ಎಳೆಗಳ ಒಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಮಟ್ಟದಲ್ಲಿ, ಅಲ್ಲಲ್ಲಿ ಸೀಳು ಉಂಟುಮಾಡುತ್ತದೆ. ಹರಿದ ಗಳಿಗೆಯಲ್ಲಿ ನೋವು ಗೊತ್ತಾಗುವುದಿಲ್ಲ. ಆಮೇಲೆ ಮೈ ಅದನ್ನು ರಿಪೇರಿ ಮಾಡಲು ಶುರುಮಾಡುತ್ತದೆ. ಆ ಜಾಗಕ್ಕೆ ನೀರು ಸೇರುತ್ತದೆ, ಸ್ವಲ್ಪ ಊತ ಬರುತ್ತದೆ, ಸುತ್ತಲಿನ ನರದ ತುದಿಗಳು ಸೂಕ್ಷ್ಮವಾಗುತ್ತವೆ. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಅದಕ್ಕೇ ನೋವು ಮರುದಿನ ಶುರುವಾಗಿ, ಎರಡನೇ ಮೂರನೇ ದಿನ ನೆತ್ತಿಗೇರಿ, ವಾರದೊಳಗೆ ಹೋಗಿಬಿಡುತ್ತದೆ. ಡಾಕ್ಟರುಗಳು ಇದಕ್ಕೆ ‘ಡಾಮ್ಸ್’ ಅಂತ ಹೆಸರಿಟ್ಟಿದ್ದಾರೆ, ತಡವಾಗಿ ಕಾಣಿಸಿಕೊಳ್ಳುವ ಸ್ನಾಯುನೋವು ಅಂತ.

ಸಮನೆಲದಲ್ಲಿ ಓಡಿದರೂ ಇದು ಇದ್ದೇ ಇದೆ. ಓಟ ಅಂದರೆ ಪ್ರತಿ ಹೆಜ್ಜೆಗೂ ಮೇಲೆ ಹಾರಿ ಕೆಳಗೆ ಬೀಳುವುದು ತಾನೇ? ಬಿದ್ದಾಗಲೆಲ್ಲ ತೊಡೆಯೂ ಮೀನಖಂಡವೂ ಬ್ರೇಕ್ ಹಾಕಬೇಕು. ಇಳಿಜಾರಿನಲ್ಲಿ ಆ ಬ್ರೇಕಿನ ಕೆಲಸ ಇನ್ನೂ ಜಾಸ್ತಿ. ಅಂತೂ ನೀನು ಶನಿವಾರ ಸಾಲ ಮಾಡಿ ಭಾನುವಾರ ಬಡ್ಡಿ ಸೇರಿಸಿದ್ದೀಯ.

ಮಾಲೂರಿನ ನಿನ್ನ ಚಿಕ್ಕಮ್ಮನ ಮಗ, ಆ ಜಿಮ್ ಪಂಡಿತ, ‘ಕಾಲಲ್ಲಿ ಲ್ಯಾಕ್ಟಿಕ್ ಆ್ಯಸಿಡ್ ಕಟ್ಟಿಕೊಂಡಿದೆ ಅಕ್ಕಾ, ಜೋರಾಗಿ ಓಡಿ ಕರಗಿಸು’ ಅಂದನಂತೆ. ಅವನದೊಬ್ಬನದೇ ತಪ್ಪಲ್ಲ, ಮೈದಾನದಲ್ಲಿ ಸೀಟಿ ಹಿಡಿದವರೆಲ್ಲ ಬಹಳ ವರ್ಷ ಇದನ್ನೇ ಹೇಳಿಕೊಂಡು ಬಂದದ್ದು. ಆದರೆ ಜೋರಾಗಿ ಓಡಿದಾಗ ರಕ್ತದಲ್ಲಿ ಏರುವ ಆ ವಸ್ತು, ಓಟ ನಿಂತು ಸುಮಾರು ಒಂದು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಭಾನುವಾರ ಮಧ್ಯಾಹ್ನಕ್ಕೇ ಹೊರಟುಹೋದದ್ದು ಮಂಗಳವಾರ ನಿನ್ನ ಕಾಲನ್ನು ಹೇಗೆ ಹಿಡಿಯುತ್ತದೆ? 1983ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಚೆನ್ನಾಗಿ ಪರೀಕ್ಷಿಸಿದರು. ಓಡುವ ಯಂತ್ರದ ಮೇಲೆ ಒಮ್ಮೆ ಸಮತಟ್ಟಾಗಿ, ಒಮ್ಮೆ ಇಳಿಜಾರಾಗಿ ಜನರನ್ನು ಮುಕ್ಕಾಲು ಗಂಟೆ ಓಡಿಸಿದರು. ಸಮತಟ್ಟಿನಲ್ಲಿ ಲ್ಯಾಕ್ಟಿಕ್ ಆ್ಯಸಿಡ್ ಏರಿತು, ಆಮೇಲೆ ಹೇಳಿಕೊಳ್ಳುವಂಥ ನೋವಿಲ್ಲ. ಇಳಿಜಾರಿನಲ್ಲಿ ಆ್ಯಸಿಡ್ ಏರಲೇ ಇಲ್ಲ, ಆದರೆ ಒಂದೆರಡು ದಿನದ ಮೇಲೆ ಕಾಲು ಹಿಡಿದುಕೊಂಡಿತು. ಅದಕ್ಕೂ ಎಷ್ಟೋ ಮೊದಲು, 1902ರಲ್ಲೇ, ಥಿಯೊಡೋರ್ ಹಫ್ ಎಂಬ ಅಮೆರಿಕದ ಶರೀರಶಾಸ್ತ್ರಜ್ಞರು ಬೆರಳಿನ ಸ್ನಾಯುಗಳನ್ನು ದಣಿಸಿ ನೋಡಿ, ತಡವಾಗಿ ಬರುವ ನೋವಿಗೆ ಸ್ನಾಯುವಿನೊಳಗಿನ ಸಣ್ಣ ಸೀಳುಗಳೇ ಕಾರಣವಿರಬೇಕು ಅಂತ ಬರೆದಿದ್ದರು. ಮಾಲೂರಿನವರೆಗೆ ಸುದ್ದಿ ಇನ್ನೂ ಬಂದಿಲ್ಲ. ಅವನಿಗೆ ಈ ಕಾಗದ ತೋರಿಸು, ಬೇಜಾರು ಮಾಡಿಕೊಂಡರೆ ನಾನು ಸಮಾಧಾನ ಮಾಡುತ್ತೇನೆ.

ಈಗ ಔಷಧಿಯ ಮಾತು. ನಿಜ ಹೇಳಬೇಕೆಂದರೆ ಇದಕ್ಕೆ ಕಾಲವೇ ಔಷಧಿ. ಉಳಿದದ್ದೆಲ್ಲ ಆ ಎರಡು ಮೂರು ದಿನವನ್ನು ಸುಖವಾಗಿ ಕಳೆಯುವ ಉಪಾಯ. ಅವುಗಳಲ್ಲಿ ಅತ್ಯುತ್ತಮವಾದದ್ದು ನಡಿಗೆ. ನಿನಗೆ ಹಾಸಿಗೆ ಬಿಟ್ಟು ಏಳುವುದು ಬೇಡವಾಗಿರುತ್ತದೆ, ಗೊತ್ತು. ಆದರೂ ಎದ್ದು ಹಾಸ್ಟೆಲಿನ ಸುತ್ತ ಮೆಲ್ಲಗೆ ಒಂದು ಹತ್ತು ಹದಿನೈದು ನಿಮಿಷ ಅಡ್ಡಾಡು. ಮೊದಲ ಇಪ್ಪತ್ತು ಹೆಜ್ಜೆ ಶಾಪ ಹಾಕುತ್ತೀಯ, ಆಮೇಲೆ ಬಿಗಿ ಸಡಿಲವಾಗುತ್ತದೆ. ಸೈಕಲ್ ಸಿಕ್ಕರೆ ನಿಧಾನವಾಗಿ ತುಳಿ, ಅದರಲ್ಲಿ ಬೀಳುವ ಪೆಟ್ಟಿಲ್ಲ.

ಅಜ್ಜಿ ನಿನಗೆ ಅಂತ ಲಕ್ಕಿ ಸೊಪ್ಪು ಕಿತ್ತು ಗಂಟು ಕಟ್ಟಿದ್ದಾಳೆ. ನಾಳೆ ಕೋಲಾರಕ್ಕೆ ಬರುವ ಪಕ್ಕದ ಮನೆಯವರ ಕೈಲಿ ಕಳಿಸುತ್ತೇವೆ, ಜೊತೆಗೆ ಒಂದು ಸಣ್ಣ ಬಾಟಲಿ ಹರಳೆಣ್ಣೆ. ಅಜ್ಜಿಯ ಪ್ರಕಾರ ಎಣ್ಣೆಯನ್ನು ಬೆಚ್ಚಗೆ ಮಾಡಿ, ಅಂಗೈಯಲ್ಲಿ ಹಾಕಿಕೊಂಡು, ಹಿಮ್ಮಡಿಯಿಂದ ಮೊಣಕಾಲಿನ ಕಡೆಗೆ, ಮೊಣಕಾಲಿನಿಂದ ಸೊಂಟದ ಕಡೆಗೆ ನೀವಬೇಕು. ಕೆಳಮುಖವಾಗಿ ನೀವಬಾರದಂತೆ. ಅರ್ಧ ಗಂಟೆ ಬಿಟ್ಟು ಸೊಪ್ಪು ಕುದಿಸಿದ ಬಿಸಿನೀರನ್ನು ತೊಡೆಯ ಮೇಲೆ ಸುರಿದುಕೊಳ್ಳಬೇಕು. ಹರಿದ ಎಳೆಯನ್ನು ಲಕ್ಕಿ ಸೊಪ್ಪು ಹೊಲಿಯುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಬಿಸಿನೀರಿಗೆ ಬಿಗಿ ಇಳಿಯುತ್ತದೆ, ಹಗುರವಾದ ನೀವುವಿಕೆಯಿಂದ ನೋವು ಒಂದಿಷ್ಟು ಕಡಿಮೆಯಾಗುವುದು ಪರೀಕ್ಷೆಗಳಲ್ಲೂ ಕಂಡಿದೆ, ಜೊತೆಗೆ ಆ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ. ನಿದ್ದೆಯಲ್ಲೇ ರಿಪೇರಿ ಕೆಲಸ ಹೆಚ್ಚು ನಡೆಯುವುದು. ಗೆಳತಿಯರನ್ನು ತೊಡೆ ಮೇಲೆ ನಿಲ್ಲಿಸಿಕೊಂಡು ತುಳಿಸಿಕೊಳ್ಳುವುದು ಮಾತ್ರ ಬೇಡ. ಈಗಾಗಲೇ ನೊಂದ ಜಾಗ ಅದು.

ಕಾಲು ಎಳೆದು ಬಗ್ಗಿಸುವ ಸ್ಟ್ರೆಚಿಂಗ್ ಮಾಡಲಿಲ್ಲ, ಅದಕ್ಕೇ ಹೀಗಾಯಿತು ಅಂತ ಗ್ರೌಂಡಿನಲ್ಲಿ ಯಾರೋ ಅಂದರಂತೆ. ಓಟದ ಮೊದಲು ಮಾಡಿದರೂ ನಂತರ ಮಾಡಿದರೂ ಈ ನೋವಿನಲ್ಲಿ ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸವಾಗುವುದಿಲ್ಲ ಅಂತ 2011ರಲ್ಲಿ ಕಾಕ್ರೇನ್ ಸಂಸ್ಥೆಯವರು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ಹೇಳಿದ್ದಾರೆ. ಮಾಡಿದರೆ ಹಿತವೆನಿಸಿದರೆ ಮಾಡು. ಓಟಕ್ಕೆ ಮುಂಚೆ ಐದು ನಿಮಿಷ ಬಿರುಸಾಗಿ ನಡೆದು ಮೈ ಬಿಸಿ ಮಾಡಿಕೊಳ್ಳುವುದು ನನ್ನ ಪ್ರಕಾರ ಅದಕ್ಕಿಂತ ಮೇಲು.

ಮಾತ್ರೆಯ ವಿಷಯಕ್ಕೆ ಬರುತ್ತೇನೆ, ಇಲ್ಲಿ ಸ್ವಲ್ಪ ಗದರಿಸಬೇಕು. ಮುಳಬಾಗಿಲಿನ ನಿನ್ನ ಸೋದರಮಾವ ಮೆಡಿಕಲ್ ಶಾಪಿನಿಂದ ಪೇನ್ ಕಿಲ್ಲರ್ ತಂದುಕೊಟ್ಟು, ‘ಓಡುವ ಮೊದಲೇ ಒಂದು ನುಂಗು’ ಅಂದನಂತೆ. ಅವನ ಪ್ರೀತಿ ದೊಡ್ಡದು, ಸಲಹೆ ಕೆಟ್ಟದ್ದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ಮಾತ್ರೆಗಳು ಖಾಲಿ ಹೊಟ್ಟೆಗೆ ಹುಣ್ಣು ತರಬಲ್ಲವು. ಬೆವರಿ, ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಅದಕ್ಕಿಂತ ಮುಖ್ಯ, ನೋವು ಮುಚ್ಚಿಹೋದರೆ ಎಲ್ಲಿ ನಿಲ್ಲಬೇಕು ಅನ್ನುವುದೇ ನಿನಗೆ ತಿಳಿಯುವುದಿಲ್ಲ. ರಾತ್ರಿ ನಿದ್ದೆಯೇ ಬರದಷ್ಟು ನೋವಿದ್ದರೆ ಊಟವಾದ ಮೇಲೆ ಒಂದು ಪ್ಯಾರಾಸಿಟಮಾಲ್ ತಗೋ, ಅಷ್ಟೇ ಸಾಕು. ಓಡುವುದಕ್ಕೋಸ್ಕರ ಮಾತ್ರೆ ನುಂಗುವುದು ಮಾತ್ರ ನನ್ನ ಜೀವ ಇರುವವರೆಗೆ ಬೇಡ.

ಊಟ ಬಿಟ್ಟು ಓಡುತ್ತೀಯಂತೆ, ಸಣ್ಣಗಾದರೆ ವೇಗ ಬರುತ್ತದೆ ಅಂತ. ಸ್ನಾಯುವನ್ನು ಮತ್ತೆ ಕಟ್ಟುವುದಕ್ಕೆ ಸಾಮಾನು ಬೇಡವೇ? ನಮ್ಮ ಕಡೆಯ ಊಟದಲ್ಲಿ ಏನೂ ಕೊರತೆಯಿಲ್ಲ. ರಾಗಿ ಮುದ್ದೆ, ಮೊಳಕೆ ಕಟ್ಟಿದ ಹುರುಳಿ ಸಾರು, ಸೊಪ್ಪಿನ ಬಸ್ಸಾರು, ಬೇಯಿಸಿದ ಮೊಟ್ಟೆ, ರಾತ್ರಿ ಒಂದು ಲೋಟ ಹಾಲು, ಇಷ್ಟಿದ್ದರೆ ಡಬ್ಬಿಯ ಪೌಡರಿಗೆ ಕಾಸು ಸುರಿಯಬೇಕಾಗಿಲ್ಲ. ಜೊತೆಗೆ ಒಂದು ಸಲ ರಕ್ತದ ಹಿಮೋಗ್ಲೋಬಿನ್ ನೋಡಿಸು. ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ ಜನಕ್ಕೆ ರಕ್ತ ಕಡಿಮೆ. ಅಂಥವರು ಎಷ್ಟು ಓಡಿದರೂ ಸುಸ್ತೇ ಕಂಡು, ತಮ್ಮ ಕೈಲಾಗದು ಅಂದುಕೊಂಡುಬಿಡುತ್ತಾರೆ. ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಕೋಲಾರದಲ್ಲೇ ಇದೆ, ಒಂದು ಬೆಳಗ್ಗೆ ಹೋಗಿ ಬಂದರಾಯಿತು.

ನಿನಗೆ ಬೇಕಾಗಿರುವುದು ಎಷ್ಟು ಅಂತ ಒಮ್ಮೆ ನೋಡೋಣ. ಕಾನ್‌ಸ್ಟೇಬಲ್ ಕೆಲಸದ ಫಿಸಿಕಲ್‌ನಲ್ಲಿ ಹೆಣ್ಣುಮಕ್ಕಳಿಗೆ 400 ಮೀಟರ್, 2 ನಿಮಿಷದಲ್ಲಿ. ಗಂಡುಮಕ್ಕಳಿಗೆ 1600 ಮೀಟರ್, ಆರೂವರೆ ನಿಮಿಷದಲ್ಲಿ. ನಿನಗೆ ಇದರ ಜೊತೆ ಉದ್ದ ಜಿಗಿತ ಎರಡೂವರೆ ಮೀಟರ್ ಇಲ್ಲವೇ ಎತ್ತರ ಜಿಗಿತ 0.90 ಮೀಟರ್, ಮತ್ತೆ 4 ಕೆ.ಜಿ. ಗುಂಡನ್ನು 3.75 ಮೀಟರ್ ಎಸೆಯಬೇಕು. ಕೇಂದ್ರದ ಎಸ್.ಎಸ್.ಸಿ. ಜಿ.ಡಿ. ಕಾನ್‌ಸ್ಟೇಬಲ್ ಪರೀಕ್ಷೆಗೂ ಅರ್ಜಿ ಹಾಕುತ್ತೇನೆ ಅಂದಿದ್ದೀಯ, ಅಲ್ಲಿ ಹೆಣ್ಣುಮಕ್ಕಳಿಗೆ 1.6 ಕಿಲೋಮೀಟರನ್ನು ಎಂಟೂವರೆ ನಿಮಿಷದಲ್ಲಿ ಮುಗಿಸಬೇಕು. ಎರಡರಲ್ಲೂ ಬೇಕಾಗುವ ವೇಗ ಹೆಚ್ಚುಕಡಿಮೆ ಒಂದೇ, ಗಂಟೆಗೆ 11-12 ಕಿಲೋಮೀಟರ್. ಇದು ಜಿಂಕೆಯ ಓಟವೇನೂ ಅಲ್ಲ. 400 ಮೀಟರಿನಲ್ಲಿ ಸೋಲುವ ಹುಡುಗಿಯರಲ್ಲಿ ಹೆಚ್ಚಿನವರು ಮೊದಲ ನೂರು ಮೀಟರನ್ನು ಪ್ರಾಣ ಬಿಟ್ಟು ಓಡಿ, ಕೊನೆಯ ನೂರನ್ನು ಪಕ್ಕೆ ಹಿಡಿದುಕೊಂಡು ನಡೆಯುವವರು. ರಾಯಲ್ಪಾಡು ಹೋಬಳಿ ಕ್ರೀಡಾಕೂಟಗಳಲ್ಲಿ ನಾನು ಇದನ್ನು ನೋಡಿ ನೋಡಿ ಸಾಕಾಗಿದ್ದೇನೆ.

ಆದ್ದರಿಂದ ಈ ವಾರ ಕಳೆದ ಮೇಲೆ ಹೀಗೆ ಮಾಡು. ಒಂದು ನಿಮಿಷ ಮೆಲ್ಲನೆ ಓಡು, ಎರಡು ನಿಮಿಷ ನಡೆ. ಇದನ್ನೇ ಇಪ್ಪತ್ತು ನಿಮಿಷ ಮುಂದುವರಿಸು. ಓಡುವಾಗ ಪಕ್ಕದವಳ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ. ಒಂದು ದಿನ ಓಟ, ಒಂದು ದಿನ ಬಿಡುವು. ಹದಿನೈದು ದಿನ ಕಳೆದ ಮೇಲೆ ಓಟ ಎರಡು ನಿಮಿಷವಾಗಲಿ, ನಡಿಗೆ ಒಂದಾಗಲಿ. ಗಡಿಯಾರ ಹಿಡಿದು 400 ಮೀಟರ್ ಓಡುವುದನ್ನು ಮೊದಲ ತಿಂಗಳು ಮರೆತುಬಿಡು. ನಿನ್ನ ಹೃದಯ, ಶ್ವಾಸಕೋಶ ಹೊಸ ಕೆಲಸಕ್ಕೆ ಬೇಗ ಹೊಂದಿಕೊಳ್ಳುತ್ತವೆ, ಸ್ನಾಯುವಿಗೆ ಅದಕ್ಕಿಂತ ಹೆಚ್ಚು ದಿನ ಬೇಕು, ಮೂಳೆಗೆ ಇನ್ನೂ ಹೆಚ್ಚು. ಹೊಸದಾಗಿ ಓಡುವವರು ಕಾಲು ಕೆಡಿಸಿಕೊಳ್ಳುವುದು ಈ ಅಂತರದಲ್ಲೇ: ಉಸಿರು ಹಿಡಿತಕ್ಕೆ ಬಂತು ಅಂತ ದೂರ ಹೆಚ್ಚಿಸುತ್ತಾರೆ, ಮೂಳೆ ಇನ್ನೂ ಒಪ್ಪಿರುವುದಿಲ್ಲ.

ಇಷ್ಟರಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಸಲ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಈ ರಕ್ಷಣೆ ವಾರಗಟ್ಟಲೆ ಉಳಿಯುತ್ತದೆ ಅಂತ ಶರೀರಶಾಸ್ತ್ರದವರು ಹೇಳುತ್ತಾರೆ. ನಮ್ಮ ಮಾವಿನ ಮಂಡಿಗೆ ಬಂದರೆ ಇದನ್ನು ಪುಸ್ತಕ ಓದದೆ ನೋಡಬಹುದು. ಸುಗ್ಗಿ ಶುರುವಾದಾಗ ತೋತಾಪುರಿ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕಾಯಿ ವಿಂಗಡಿಸುವ ಹೊಸ ಹೆಂಗಸರು, ಕ್ರೇಟು ಹೊತ್ತು ಲಾರಿಗೆ ತುಂಬುವ ಹೊಸ ಹುಡುಗರು ಎರಡನೇ ದಿನ ಸಂಜೆ ಸೊಂಟ, ತೊಡೆ ಹಿಡಿದುಕೊಂಡು ಓಡಾಡುತ್ತಾರೆ. ಹಳಬರು ಅವರನ್ನು ನೋಡಿ ನಗುತ್ತಾರೆ. ಎರಡನೇ ವಾರಕ್ಕೆ ನೋವಿನ ಮಾತೇ ಇಲ್ಲ. ಮಧ್ಯೆ ಬಿಟ್ಟು ಮನೆಗೆ ಹೋದವರು ಮಾತ್ರ ಮುಂದಿನ ವರ್ಷ ಮತ್ತೆ ಮೊದಲಿನಿಂದ ನೋಯುತ್ತಾರೆ. ಗರಡಿ ಮನೆಯ ಉಸ್ತಾದರೂ ಇದನ್ನು ಬಲ್ಲರು. ಹೊಸ ಹುಡುಗ ನೋವು ಅಂದರೆ ಮನೆಗೂ ಕಳಿಸುತ್ತಿರಲಿಲ್ಲ, ನೂರು ಬಸ್ಕಿಯನ್ನೂ ಹೊಡೆಸುತ್ತಿರಲಿಲ್ಲ. ನಾಲ್ಕು ಬಸ್ಕಿ ಹೊಡೆಸಿ, ಅಖಾಡದ ಮಣ್ಣು ಸಡಿಲಿಸುವ ಕೆಲಸಕ್ಕೆ ಹಚ್ಚುತ್ತಿದ್ದರು.

ಅಂತರಗಂಗೆಗೂ ಮತ್ತೆ ಹೋಗು, ಬೇಡ ಅನ್ನುವುದಿಲ್ಲ. ಒಂದು ತಿಂಗಳು ಬಿಟ್ಟು ಹೋಗು. ಹತ್ತುವಾಗ ಬೇಕಾದರೆ ಓಡು, ಇಳಿಯುವಾಗ ನಡೆ. ಆಮೇಲಾಮೇಲೆ ಕೆಳಗಿನ ಕೆಲವು ಮೆಟ್ಟಿಲು ಮಾತ್ರ ಓಡಿ ಇಳಿ. ಇಳಿಜಾರು ಸ್ವಲ್ಪ ಸ್ವಲ್ಪವಾಗಿ ಬಿದ್ದರೆ ಅದೇ ತೊಡೆಯನ್ನು ಗಟ್ಟಿ ಮಾಡುತ್ತದೆ.

ಇದುವರೆಗೆ ಹೇಳಿದ್ದು ನಿರುಪದ್ರವಿ ನೋವಿನ ಮಾತು. ಎಲ್ಲ ನೋವೂ ಅದೇ ಅಂದುಕೊಂಡು ಓಡುವುದೂ ತಪ್ಪು. ಈಗಲೇ ಮಂಚದ ಮೇಲೆ ಕೂತು ಪರೀಕ್ಷೆ ಮಾಡಿಕೋ. ಹೆಬ್ಬೆರಳಿನಿಂದ ತೊಡೆಯನ್ನು ಒತ್ತಿ ನೋಡು. ನೋವು ಅಗಲವಾಗಿ ಹರಡಿದೆಯೇ, ಎರಡೂ ಕಾಲಿನಲ್ಲಿ ಇದೆಯೇ, ಸುಮ್ಮನೆ ಕೂತಾಗ ಇಲ್ಲದೆ ಎದ್ದಾಗ ಮಾತ್ರ ಬರುತ್ತದೆಯೇ? ಹಾಗಿದ್ದರೆ ಹೆದರಬೇಡ. ಆಮೇಲೆ ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆಯ ಒಳಅಂಚನ್ನು ಮೇಲಿನಿಂದ ಕೆಳಗೆ ಒಂದೇ ಬೆರಳಿನಿಂದ ಒತ್ತುತ್ತಾ ಹೋಗು. ಅಲ್ಲಿ ಉದ್ದಕ್ಕೂ ನೋವಿದ್ದರೆ ಒಂದೆರಡು ವಾರ ಓಟ ಕಡಿಮೆ ಮಾಡಬೇಕು. ಬೆರಳ ತುದಿಯಷ್ಟು ಒಂದೇ ಜಾಗ ಚುಚ್ಚಿದ ಹಾಗೆ ನೋಯುತ್ತಿದ್ದು, ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತಿದ್ದರೆ ಮೂಳೆಯಲ್ಲೇ ಸಣ್ಣ ಬಿರುಕು ಬಿಟ್ಟಿರಬಹುದು. ಆಗ ಓಟ ಪೂರ್ತಿ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಬೇಕು. ಇನ್ನೊಂದು ಮಾತು, ಇದನ್ನು ಅಜ್ಜಿಯೇ ಹೇಳಬೇಕಾದದ್ದು, ಅವಳು ಸಂಕೋಚದವಳು. ಊಟ ಕಡಿಮೆ ಮಾಡಿ ಓಟ ಹೆಚ್ಚು ಮಾಡಿದ ಹುಡುಗಿಯರಿಗೆ ತಿಂಗಳ ಮುಟ್ಟು ತಪ್ಪುವುದುಂಟು. ಹಾಗಾದರೆ ಮೂಳೆ ದುರ್ಬಲವಾಗುತ್ತಿದೆ ಅಂತ ತಿಳಿದುಕೊಂಡು ಅಮ್ಮನಿಗೆ ಹೇಳು, ಮುಚ್ಚಿಡಬೇಡ.

ಒಂದೇ ಕಾಲಿನ ಮೀನಖಂಡ ಕೆಂಪಾಗಿ ಊದಿಕೊಂಡು ಬಿಸಿಯಾದರೆ, ಓಡುವಾಗ ‘ಚಟ್’ ಅಂದ ಹಾಗೆ ಆಗಿ ಕಾಲೂರಲು ಆಗದಿದ್ದರೆ, ಅದೇ ದಿನ ಆಸ್ಪತ್ರೆಗೆ. ಇವೆಲ್ಲಕ್ಕಿಂತ ಅಪಾಯದ ಗುರುತು ಮೂತ್ರದ ಬಣ್ಣ. ರೂಢಿಯಿಲ್ಲದವರು ಒಂದೇ ದಿನ ವಿಪರೀತ ದಂಡಿಸಿಕೊಂಡರೆ ಸ್ನಾಯು ದೊಡ್ಡ ಪ್ರಮಾಣದಲ್ಲಿ ಒಡೆದು, ಅದರ ಕಸ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕಟ್ಟಿಬಿಡಬಲ್ಲದು. ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಬೆಳಗಾಗಲಿ ಅಂತ ಕಾಯಬಾರದು. ಇದು ಅಪರೂಪ, ಆದರೂ ಮೊದಲ ದಿನವೇ ನೂರಾರು ಬಸ್ಕಿ ಹೊಡೆಸುವ ತರಬೇತಿಯವರು ಇದ್ದಾರೆ, ಅವರ ಕೈಗೆ ಸಿಕ್ಕಿಹಾಕಿಕೊಳ್ಳಬೇಡ.

ನೀರಿನ ಮಾತನ್ನು ಬೇರೆಯಾಗಿ ಹೇಳಬೇಕು, ಯಾಕೆಂದರೆ ನಾವು ಕೋಲಾರ ಜಿಲ್ಲೆಯವರು. ಬೇರೆ ಊರಿನವರಿಗೆ ಕಾಲುನೋವು ಅಂದರೆ ಬರೀ ಕಾಲುನೋವು. ನಮ್ಮಲ್ಲಿ ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಅಂತ ಮಿತಿ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲಿಗೆ ಕಂದು ಬಣ್ಣ ಹಿಡಿಯುತ್ತದೆ, ಆಮೇಲೆ ಕೀಲು, ಬೆನ್ನು ಬಿಗಿಯುತ್ತದೆ. ಕತ್ತು ತಿರುಗಿಸಬೇಕಾದರೆ ಮೈಯನ್ನೇ ತಿರುಗಿಸುವ ಮುದುಕರನ್ನು ನೀನೂ ಹಬ್ಬಕ್ಕೆ ಹೋದಾಗ ನೋಡಿದ್ದೀಯ. ನಿನ್ನ ಈಗಿನ ನೋವು ಅದಲ್ಲ, ಖಂಡಿತ ಅಲ್ಲ. ಫ್ಲೋರೈಡಿನ ನೋವು ಸ್ನಾಯುವಿನದಲ್ಲ, ಕೀಲಿನದು. ವಾರದಲ್ಲಿ ಹೋಗುವುದಿಲ್ಲ, ವರ್ಷಗಳಲ್ಲಿ ಕೂರುತ್ತದೆ. ಆದರೂ ಓಡುವವಳಿಗೆ ನೀರು ಹೆಚ್ಚು ಬೇಕು, ಹೆಚ್ಚು ಕುಡಿಯುವ ನೀರು ಒಳ್ಳೆಯದಿರಬೇಕು. ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಅಂತ ಹಾಸ್ಟೆಲಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಶುದ್ಧ ನೀರಿನ ಘಟಕದಿಂದ ಬಾಟಲಿ ತುಂಬಿಸಿಕೋ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದು ನಮ್ಮ ಕೆರೆಗಳು ತುಂಬಿವೆ, ಕಣ್ಣಿಗೆ ತಂಪು. ಆ ನೀರು ಬಂದದ್ದು ಅಂತರ್ಜಲಕ್ಕೆ, ಬಾಯಾರಿದಾಗ ಬೊಗಸೆಯೊಡ್ಡಿ ಕುಡಿಯುವುದಕ್ಕಲ್ಲ.

ನಮ್ಮ ಜಿಲ್ಲೆಯಿಂದ ಯಾರು ಓಡಿದ್ದಾರೆ ಅಂತ ನೀನು ಒಮ್ಮೆ ಕೇಳಿದ್ದೆ. ಕೆ.ಜಿ.ಎಫ್.ನಲ್ಲಿ ಹುಟ್ಟಿದ ಕೆನೆತ್ ಪೊವೆಲ್ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿದರು, 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ 4x100 ಮೀಟರ್ ರಿಲೇ ತಂಡದಲ್ಲಿದ್ದು ಕಂಚು ತಂದರು. 2022ರಲ್ಲಿ ತೀರಿಕೊಂಡಾಗ ನಮ್ಮ ಕಡೆಯ ಹುಡುಗರಿಗೆ ಅವರ ಹೆಸರೇ ಗೊತ್ತಿರಲಿಲ್ಲ, ನನಗೆ ಬೇಸರವಾಯಿತು.

ಶೂ ಬಗ್ಗೆ ಅಮ್ಮ ಕೇಳಿದಳು. ದುಬಾರಿಯದು ಬೇಡ. ಬೆರಳಿಗೆ ಜಾಗವಿರಲಿ, ಹಿಮ್ಮಡಿ ಸವೆದಿರಬಾರದು. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿಕೊಂಡಿರುವಾಗ ಹಾಕಿ ನೋಡಿ ತಗೋ. ಹಳ್ಳಿಯಲ್ಲಿ ಬರಿಗಾಲಿನಲ್ಲೇ ಓಡಿದವಳು ಅಂತ ಏಕಾಏಕಿ ಬರಿಗಾಲಿನಲ್ಲಿ ಶುರುಮಾಡಬೇಡ, ಭಾರವೆಲ್ಲ ಮೀನಖಂಡಕ್ಕೆ ಬೀಳುತ್ತದೆ.

ಕೊನೆಯದಾಗಿ ನನ್ನದೊಂದು ಬೇಡಿಕೆ, ಇದನ್ನು ನಡೆಸಿಕೊಡಲೇಬೇಕು. ಕ್ರೀಡಾಂಗಣದಲ್ಲಿ ಜನ ಜಾಸ್ತಿ, ನೋಡುವವರು ಜಾಸ್ತಿ ಅಂತ ಬೆಳಗಿನ ಜಾವ ಹೆದ್ದಾರಿಯ ಪಕ್ಕ ಓಡುವ ಯೋಚನೆ ಮಾಡಿದ್ದೀಯಂತೆ. ಅದು ಬೆಂಗಳೂರಿಂದ ಮುಳಬಾಗಿಲು ದಾಟಿ ಚೆನ್ನೈ ಕಡೆಗೆ ಹೋಗುವ 75ನೇ ರಾಷ್ಟ್ರೀಯ ಹೆದ್ದಾರಿ. ಆ ಹೊತ್ತಿಗೆ ನರಸಾಪುರದ ಕಾರ್ಖಾನೆಗಳ ಶಿಫ್ಟ್ ಬಸ್ಸುಗಳು, ಟೊಮೆಟೊ ಮಂಡಿಗೆ ಬರುವ ಟೆಂಪೊಗಳು, ರಾತ್ರಿಯೆಲ್ಲ ಓಡಿಸಿ ತೂಗಡಿಸುವ ಲಾರಿ ಡ್ರೈವರುಗಳು. ಅಲ್ಲಿಗೆ ಕಾಲಿಡಬೇಡ. ನೋಡುವವರು ನಾಲ್ಕು ದಿನ ನೋಡುತ್ತಾರೆ, ಐದನೇ ದಿನ ಅವರಿಗೇ ಬೇಜಾರಾಗುತ್ತದೆ. ಇಬ್ಬರು ಗೆಳತಿಯರನ್ನು ಜೊತೆ ಮಾಡಿಕೊಂಡು, ಬೆಳಕು ಹರಿದ ಮೇಲೆ, ಕ್ರೀಡಾಂಗಣದಲ್ಲೇ ಓಡು. ಮೊದಲ ವಾರದ ಓಟ ಮುಗಿದ ಮೇಲೆ ಎಲ್ಲಿ ನೋಯಿತು, ಎಷ್ಟು ದಿನ ನೋಯಿತು ಅಂತ ಎರಡು ಸಾಲು ಬರೆದು ಹಾಕು. ಅಜ್ಜಿಗೆ ಓದಿ ಹೇಳಬೇಕು, ಇಲ್ಲದಿದ್ದರೆ ಮನೆಯಲ್ಲಿ ನನಗೆ ನೆಮ್ಮದಿಯಿಲ್ಲ.

ಇತಿ ನಿನ್ನ ಪ್ರೀತಿಯ,
ತಾತ